ಬೇರೆಯವರ ಮಗುವಿಗೆ ಒಂದು ಒಳ್ಳೆಯ ಮಾತು

ಬೇರೆಯವರ ಮಗು ಚೆನ್ನಾಗಿ ನಡೆದುಕೊಂಡಾಗ ಕಂಡವರು ಬಾಯಿಬಿಟ್ಟು ಹೇಳುವ ಮೆಚ್ಚುಗೆಗೆ ಕನ್ನಡದ ಮನೆಗಳಲ್ಲಿ ದೊಡ್ಡ ಬೆಲೆಯಿದೆ. ಹೆತ್ತವರು ತಮ್ಮ ಮಕ್ಕಳನ್ನು ತಾವೇ ಹೊಗಳಿಕೊಳ್ಳುವುದು ನಮ್ಮಲ್ಲಿ ಶೋಭೆಯಲ್ಲ. ಗುರುಗಳನ್ನು ಎದುರಿಗೇ ಹೊಗಳಬೇಕು, ನೆಂಟರಿಷ್ಟರನ್ನು ಅವರಿಲ್ಲದಾಗ ಹೊಗಳಬೇಕು, ಆಳುಕಾಳುಗಳನ್ನು ಕೆಲಸ ಮುಗಿದ ಮೇಲೆ ಹೊಗಳಬೇಕು, ಹೆತ್ತ ಮಕ್ಕಳನ್ನು ಮಾತ್ರ ಹೊಗಳಲೇಬಾರದು ಎಂಬ ಅರ್ಥದ ಸಂಸ್ಕೃತ ಸುಭಾಷಿತವೊಂದು ಹಿಂದಿನ ತಲೆಮಾರಿನ ಮೇಷ್ಟರುಗಳ ಬಾಯಲ್ಲಿ ಆಗಾಗ ಬರುತ್ತಿತ್ತು. ತಂದೆ ಹೊಗಳಿದರೆ ಮಗುವಿನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರೂ ಇದ್ದರು. ಹೀಗಾಗಿ ಮಗುವಿನ ಒಳ್ಳೆಯತನವನ್ನು ಮಗುವಿಗೇ ತಿಳಿಸುವ ಕೆಲಸ ಹೊರಗಿನವರ ಪಾಲಿಗೆ ಬಂತು. ಸೋದರತ್ತೆ, ಪಕ್ಕದ ಮನೆಯ ಅಜ್ಜಿ, ಶಾಲೆಯ ಮೇಡಂ, ಬೀದಿ ಕೊನೆಯ ಅಂಗಡಿಯವರು ಈ ಕೆಲಸವನ್ನು ಯಾರೂ ಹೇಳದೆಯೇ ಮಾಡಿಕೊಂಡು ಬಂದರು. ಅವರು ಸುಮ್ಮನಾದರೆ ತಾನು ಮಾಡಿದ್ದು ಸರಿ ಎಂದು ಮಗುವಿಗೆ ತಿಳಿಯುವ ದಾರಿಗಳಲ್ಲಿ ಬಹು ಮುಖ್ಯವಾದದ್ದೊಂದು ಮುಚ್ಚಿಹೋಗುತ್ತದೆ.

ಮೈಸೂರಿನ ಯಾದವಗಿರಿಯಂಥ ಬಡಾವಣೆ ಈ ಬಗೆಯ ಮಾತುಕತೆಗೆ ಹೇಳಿ ಮಾಡಿಸಿದ ಜಾಗವಾಗಿತ್ತು. ರೈಲು ನಿಲ್ದಾಣದ ಆಚೆ, ಒಂಟಿಕೊಪ್ಪಲಿಗೆ ಹೊಂದಿಕೊಂಡ ಈ ಏರು ನೆಲದಲ್ಲಿ ರಾಮಕೃಷ್ಣ ಆಶ್ರಮವಿದೆ, ಅದರ ವಿದ್ಯಾಶಾಲೆಯಿದೆ, ಆಕಾಶವಾಣಿ ನಿಲಯವಿದೆ. ಕಾಂಪೌಂಡಿನೊಳಗೆ ಗಿಡಮರಗಳಿದ್ದ ಒಂಟಿ ಮನೆಗಳು, ಸಂಜೆ ಗೇಟಿನ ಬಳಿ ನಿಂತು ಹೋಗಿಬರುವವರನ್ನು ವಿಚಾರಿಸಿಕೊಳ್ಳುವ ನಿವೃತ್ತರು, ಬೀದಿಯಲ್ಲೇ ಆಡುವ ಮಕ್ಕಳು ಇದ್ದಷ್ಟು ಕಾಲ ಯಾರ ಮನೆಯ ಮಗು ಹೇಗೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಅಂಥ ಮನೆಗಳು ಈಗ ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಆರ್. ಕೆ. ನಾರಾಯಣ್ ಕಟ್ಟಿಸಿದ ಮನೆಯನ್ನೂ 2011ರಲ್ಲಿ ಕೆಡವಲು ಹೊರಟಿದ್ದರು. ಸಾರ್ವಜನಿಕರ ವಿರೋಧ ಬಂದದ್ದರಿಂದ ಅದು ಉಳಿದು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಉಳಿದ ಅನೇಕ ಮನೆಗಳಿಗೆ ಆ ಭಾಗ್ಯ ಬರಲಿಲ್ಲ. ಮನೆಯ ಜೊತೆಗೆ ಗೇಟಿನ ಬಳಿ ನಿಲ್ಲುವವರೂ ಹೋದರು. ಲಿಫ್ಟಿನಲ್ಲಿ ಸಿಗುವ ಮಗುವಿನ ಹೆಸರೇ ಗೊತ್ತಿರುವುದಿಲ್ಲ. ಹೆಸರು ಗೊತ್ತಿಲ್ಲದ ಮಗುವಿನ ನಡತೆಯ ಬಗ್ಗೆ ಮಾತನಾಡಲು ಹಿಂಜರಿಕೆ ಸಹಜ.

ಆದರೂ ಹಬ್ಬಗಳು ಈ ಬಾಗಿಲನ್ನು ಮತ್ತೆ ಮತ್ತೆ ತೆರೆಯುತ್ತವೆ. ದಸರೆಯ ಒಂಬತ್ತು ದಿನ ಗೊಂಬೆ ಕೂರಿಸಿದ ಮನೆಗಳಿಗೆ ಮಕ್ಕಳು ಗುಂಪಾಗಿ ಹೋಗುವುದು ಮೈಸೂರು ಸೀಮೆಯ ಹಳೆಯ ವಾಡಿಕೆ. ‘ಗೊಂಬೆ ಕೂರ್ಸಿದ್ದೀರಾ?’ ಎಂದು ಬಾಗಿಲಲ್ಲಿ ಕೇಳುವುದು, ಒಳಗೆ ಬಂದು ಮುಟ್ಟದೆ ನೋಡುವುದು, ‘ಒಂದು ದೇವರನಾಮ ಹೇಳು ಪುಟ್ಟಿ’ ಎಂದರೆ ನಾಚಿಕೊಂಡಾದರೂ ಹೇಳುವುದು, ಗೊಂಬೆ ಬಾಗಿನದ ತಿಂಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು ಇವೆಲ್ಲ ಬೇರೆಯವರ ಮನೆಯಲ್ಲಿ ಹೇಗಿರಬೇಕು ಎಂಬುದರ ಪಾಠವೇ. ಆ ಮನೆಯ ಹಿರಿಯರು ಹೇಳುವ ಒಂದು ಮಾತಿನಲ್ಲಿ ಪಾಠದ ಫಲಿತಾಂಶ ತಿಳಿಯುತ್ತದೆ.

ಸಂಕ್ರಾಂತಿಯದು ಇದಕ್ಕಿಂತ ಸ್ಪಷ್ಟವಾದ ಸಂದರ್ಭ. ಎಳ್ಳು ಬೀರುವ ಸಂಜೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಲಂಗ ಎತ್ತಿ ಹಿಡಿದು ಮೆಟ್ಟಿಲು ಹತ್ತುತ್ತಾಳೆ ಎನ್ನಿ. ಒಂದು ಕೈಯಲ್ಲಿ ತಟ್ಟೆ. ಅದರಲ್ಲಿ ಎಳ್ಳು ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಹಿಂದೆ ಪುಟ್ಟ ತಮ್ಮ. ಹುಡುಗಿ ಚಪ್ಪಲಿ ಹೊರಗೆ ಬಿಟ್ಟು, ತಮ್ಮನ ಚಪ್ಪಲಿಯನ್ನೂ ಬಗ್ಗಿ ಬಿಚ್ಚಿ ಪಕ್ಕಕ್ಕಿಟ್ಟು ಒಳಗೆ ಬರುತ್ತಾಳೆ. ತಮ್ಮ ಷೋಕೇಸಿನ ಗಾಜಿನ ಆನೆಗೆ ಕೈ ಹಾಕಿದರೆ ಗದರದೆ ಅವನ ಕೈ ಹಿಡಿದುಕೊಳ್ಳುತ್ತಾಳೆ. ಮನೆಯ ಅಜ್ಜಿ ಇದನ್ನೆಲ್ಲ ನೋಡಿದ್ದಾರೆ. ಅವರ ಮುಂದೆ ಈಗ ಎರಡು ಮಾತುಗಳಿವೆ. ‘ಎಷ್ಟು ಲಕ್ಷಣವಾಗಿದೀಯೇ, ಬಂಗಾರ’ ಎಂಬುದು ಒಂದು. ‘ತಮ್ಮನ ಚಪ್ಪಲಿ ಬಿಚ್ಚಿಟ್ಟೆಯಲ್ಲ, ನೋಡ್ದೆ ಕಣೇ. ಅವನು ಆನೆ ಮುಟ್ಟಕ್ಕೆ ಹೋದಾಗ ಎಷ್ಟು ನಿಧಾನವಾಗಿ ಕೈ ಹಿಡ್ಕೊಂಡೆ’ ಎಂಬುದು ಇನ್ನೊಂದು. ಮೊದಲನೆಯದು ಲಂಗಕ್ಕೂ ಜಡೆಗೂ ಸಂದ ಮಾತು, ಮನೆಗೆ ಬಂದ ಎಲ್ಲ ಹುಡುಗಿಯರಿಗೂ ಹೇಳಬಹುದಾದದ್ದು. ಎರಡನೆಯದು ಆ ಹುಡುಗಿಗೆ, ಆ ಗಳಿಗೆಗೆ ಮಾತ್ರ ಸಲ್ಲುವಂಥದ್ದು. ತಾನು ಯಾರಿಗೂ ಕಾಣದು ಎಂದುಕೊಂಡು ಮಾಡಿದ ಕೆಲಸವನ್ನು ಒಬ್ಬರು ಗಮನಿಸಿದ್ದಾರೆ ಎಂದು ತಿಳಿದಾಗ ಆ ಮಗುವಿಗೆ ಆಗುವ ಸಂತೋಷ ಬೇರೆಯೇ.

ಹೊಗಳಿಕೆಯ ಬೆನ್ನಿಗೇ ಬರುವುದು ದೃಷ್ಟಿಯ ಭಯ. ಕೆನ್ನೆಯ ಮೇಲೆ ಕಪ್ಪು ಬೊಟ್ಟು, ಉಪ್ಪು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ಎರಡೂ ಕೈ ಬೆರಳು ಮಡಿಸಿ ನೆಟಿಗೆ ಮುರಿಯುವುದು ಇವು ಓದು ಬರಹ ಬಲ್ಲ ಮನೆಗಳಲ್ಲೂ ಉಳಿದಿವೆ. ಮಗುವನ್ನು ಹೊಗಳಿದವರೇ ‘ನನ್ನ ದೃಷ್ಟಿಯೇ ತಾಗೀತು’ ಎಂದು ಸೇರಿಸುತ್ತಾರೆ. ಈ ನಂಬಿಕೆಯನ್ನು ಮೂಢವೆಂದು ತಳ್ಳಿಬಿಡುವುದು ಸುಲಭ. ಆದರೆ ಅದರೊಳಗೆ ಒಂದು ಸಾಮಾಜಿಕ ಎಚ್ಚರವೂ ಇದೆ. ಶಿಶುಮರಣ ಮನೆಮನೆಯ ಸಂಗತಿಯಾಗಿದ್ದ ಕಾಲದಲ್ಲಿ, ಮಗುವನ್ನು ಕಳೆದುಕೊಂಡವರ ಎದುರಿಗೆ, ಮಕ್ಕಳಿಲ್ಲದವರ ಎದುರಿಗೆ ಇನ್ನೊಂದು ಮಗುವಿನ ಗುಣಗಾನ ಅತಿಯಾಗಬಾರದು ಎಂಬ ಸಂಕೋಚ ಅದು. ಇಂದಿಗೂ ಯಾರಾದರೂ ತಮ್ಮ ಮಗುವನ್ನು ಬಹಳ ಹೊತ್ತು ದಿಟ್ಟಿಸಿ, ಮೈಮುಟ್ಟಿ ಹೊಗಳಿದರೆ ತಾಯಿಗೆ ಇರುಸುಮುರುಸಾಗುವುದು ಸಹಜ. ರೂಪ, ಬಣ್ಣ, ಮೈಕಟ್ಟಿನ ಬಗ್ಗೆ ಆಡಿದ ಮಾತು ಈ ಅಂಜಿಕೆಯನ್ನು ಹೆಚ್ಚಿಸುತ್ತದೆ. ನಡತೆಯ ಬಗ್ಗೆ ಆಡಿದ ಮಾತಿಗೆ ದೃಷ್ಟಿ ತೆಗೆದವರು ಅಪರೂಪ.

ಹೊಗಳಿಕೆ ಬಂದಾಗ ಹೆತ್ತವರು ಏನೆನ್ನಬೇಕು ಎಂಬುದು ಇನ್ನೊಂದು ಇಕ್ಕಟ್ಟು. ‘ನಿಮ್ಮ ಮಗ ಎಷ್ಟು ಸಮಾಧಾನವಾಗಿ ಕೂತಿದ್ದ ರೀ’ ಎಂದು ಪಕ್ಕದ ಮನೆಯವರು ಅಂದರೆ ಮೈಸೂರಿನ ತಾಯಿಯ ಬಾಯಿಂದ ತಟ್ಟನೆ ಬರುವ ಉತ್ತರ ‘ಅಯ್ಯೋ, ಮನೇಲಿ ಬಂದು ನೋಡ್ಬೇಕು ನೀವು! ಒಂದು ನಿಮಿಷ ಸುಮ್ಮನಿರಲ್ಲ’. ಅಮೆರಿಕದ ಸಮಾಜಶಾಸ್ತ್ರಜ್ಞೆ ಅನಿಟಾ ಪೊಮರಾಂಟ್ಜ್ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಥ ಉತ್ತರಗಳ ಹಿಂದಿನ ಎಳೆದಾಟವನ್ನು ವಿವರಿಸಿದ್ದಾರೆ. ಎದುರಿಗಿರುವವರ ಮಾತನ್ನು ಒಪ್ಪಬೇಕು, ಅದೇ ಹೊತ್ತಿಗೆ ತನ್ನನ್ನು ತಾನು ಹೊಗಳಿಕೊಂಡಂತೆಯೂ ಆಗಬಾರದು. ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟವಾದ್ದರಿಂದ ಜನ ಮಾತನ್ನು ತೇಲಿಸುತ್ತಾರೆ, ತಗ್ಗಿಸುತ್ತಾರೆ, ಬೇರೆ ಕಡೆಗೆ ತಿರುಗಿಸುತ್ತಾರೆ. ತಾಯಿ ಅದನ್ನೇ ಮಾಡಿದ್ದಾಳೆ. ವಿನಯದ ದೃಷ್ಟಿಯಿಂದ ಅವಳ ಮಾತು ನಿರ್ದೋಷ. ತೊಂದರೆ ಏನೆಂದರೆ ಮಗು ಪಕ್ಕದಲ್ಲೇ ನಿಂತಿದೆ. ಆರೇಳು ವರ್ಷದ ಮಗುವಿಗೆ ದೊಡ್ಡವರ ವಿನಯದ ವರಸೆ ಗೊತ್ತಿರುವುದಿಲ್ಲ. ಅದಕ್ಕೆ ಕೇಳಿಸುವುದು, ತಾನು ಇಷ್ಟು ಹೊತ್ತು ಕಷ್ಟಪಟ್ಟು ಕೂತದ್ದು ಅಮ್ಮನ ಲೆಕ್ಕಕ್ಕೆ ಬರಲಿಲ್ಲ ಎಂಬುದಷ್ಟೇ.

ಇದಕ್ಕೆ ಪರಿಹಾರ ನಮ್ಮ ಆಡುಮಾತಿನಲ್ಲೇ ಇದೆ. ‘ಹೌದು ಆಂಟಿ, ಇವತ್ತು ತುಂಬ ಹೊತ್ತು ಕಾದ. ಅವನಿಗೆ ಹೇಳಿ, ಖುಷಿಪಡ್ತಾನೆ’ ಎಂದರೆ ತಾಯಿ ಜಂಬ ಕೊಚ್ಚಿಕೊಂಡಂತೆ ಆಗುವುದಿಲ್ಲ, ಮಗುವಿನ ಪಾಲನ್ನು ಕಿತ್ತುಕೊಂಡಂತೆಯೂ ಆಗುವುದಿಲ್ಲ. ಹೊಗಳಿಕೆ ಯಾರಿಗೆ ಸೇರಬೇಕೋ ಅವರ ಕಡೆಗೇ ತಿರುಗುತ್ತದೆ.

ಮಕ್ಕಳ ಮನಸ್ಸನ್ನು ಶಾಸ್ತ್ರವಾಗಿ ನೋಡುವ ಪರಂಪರೆ ಮೈಸೂರಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದವರು. ಯಾದವಗಿರಿಯ ಆಕಾಶವಾಣಿ ನಿಲಯದ ಮೂಲ ಅಲ್ಲಿದೆ. ಹೊಗಳಿಕೆಯನ್ನು ಕುರಿತ ಪ್ರಯೋಗಗಳು ಬೇರೆ ದೇಶಗಳಲ್ಲಿ ಹೆಚ್ಚಾಗಿ ನಡೆದಿವೆ. ಅವುಗಳಲ್ಲಿ ಕೆಲವು ಇಲ್ಲಿನ ಮನೆ ಬೀದಿಗಳಿಗೂ ನೇರವಾಗಿ ಅನ್ವಯಿಸುತ್ತವೆ.

ಹೆಚ್ಚು ಹೆಸರಾದದ್ದು ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ. ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟಿನಂಥ ಚಿತ್ರಸಮಸ್ಯೆಗಳನ್ನು ಕೊಟ್ಟು, ಬಿಡಿಸಿದ ಮೇಲೆ ಒಂದು ಗುಂಪಿಗೆ ‘ನೀನು ಬುದ್ಧಿವಂತ ಇರಬೇಕು’ ಎಂದೂ ಇನ್ನೊಂದು ಗುಂಪಿಗೆ ‘ನೀನು ತುಂಬ ಶ್ರಮಪಟ್ಟಿರಬೇಕು’ ಎಂದೂ ಹೇಳಿದರು. ಆಮೇಲೆ ಬಹಳ ಕಷ್ಟದ ಸಮಸ್ಯೆಗಳು ಬಂದವು, ಎಲ್ಲರೂ ಎಡವಿದರು. ಮೂರನೆಯ ಸುತ್ತಿನಲ್ಲಿ ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ, ಬುದ್ಧಿವಂತ ಎನಿಸಿಕೊಂಡವರು ಮೊದಲಿಗಿಂತ ಹಿಂದೆ ಬಿದ್ದರು, ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂದೆ ಹೋದರು. ತಮ್ಮ ಅಂಕವನ್ನು ಬರೆದು ತಿಳಿಸಿ ಎಂದಾಗ ಬುದ್ಧಿವಂತರೆನಿಸಿಕೊಂಡ ಗುಂಪಿನಲ್ಲಿ ಸುಮಾರು ನೂರಕ್ಕೆ 40 ಮಕ್ಕಳು ಅಂಕ ಹೆಚ್ಚಿಸಿ ಬರೆದರು. ಚೀನಾದಲ್ಲಿ ಮೂರು ಮತ್ತು ಐದು ವರ್ಷದ ಮಕ್ಕಳ ನಡುವೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ‘ನೀನು ಜಾಣ’ ಎಂದು ಹೇಳಿಸಿಕೊಂಡ ಮಕ್ಕಳು ಆಟದಲ್ಲಿ ಕದ್ದು ನೋಡುವುದು ಹೆಚ್ಚಿತ್ತು. ‘ಜಾಣಮರಿ’ ಎನ್ನುವುದು ಕನ್ನಡದ ಅಕ್ಕರೆಯ ಮಾತು. ಅದನ್ನು ಬಿಡಬೇಕಾಗಿಲ್ಲ. ಆದರೆ ಮಗು ಏನು ಮಾಡಿದರೂ ಅದೊಂದೇ ಮಾತಾದರೆ, ಜಾಣತನ ಉಳಿಸಿಕೊಳ್ಳುವ ಚಿಂತೆಯಲ್ಲಿ ಅದು ಸುಳ್ಳಿನ ಆಸರೆ ಹುಡುಕಬಹುದು.

ಬುದ್ಧಿಯ ಮಾತು ಒಂದು ಬಗೆಯಾದರೆ ನಡತೆಯ ಮಾತು ಇನ್ನೊಂದು ಬಗೆ. 1975ರಲ್ಲಿ ರಿಚರ್ಡ್ ಮಿಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2016ರಲ್ಲಿ ಮೊದಲ ಸ್ಥಾನ ಪಡೆದ ಮೈಸೂರಿಗೆ ತೀರ ಹತ್ತಿರದ್ದು. ಅಲ್ಲಿಯೂ ಐದನೇ ತರಗತಿಯ ಮಕ್ಕಳೇ. ಒಂದು ತರಗತಿಗೆ ಕಸ ಹಾಕಬಾರದು, ಅಚ್ಚುಕಟ್ಟಾಗಿರಬೇಕು ಎಂದು ದಿನವೂ ಬುದ್ಧಿ ಹೇಳಿದರು. ಇನ್ನೊಂದು ತರಗತಿಗೆ ‘ನೀವು ಅಚ್ಚುಕಟ್ಟಿನ ಮಕ್ಕಳು, ನಿಮ್ಮ ತರಗತಿ ಎಷ್ಟು ಚೊಕ್ಕಟವಾಗಿದೆ’ ಎಂದರು. ಬುದ್ಧಿ ಹೇಳಿಸಿಕೊಂಡವರು ಕೆಲವು ದಿನ ಸುಧಾರಿಸಿ ಮತ್ತೆ ಹಳೆಯ ದಾರಿ ಹಿಡಿದರು. ಮೆಚ್ಚುಗೆಯ ಮಾತು ಕೇಳಿದವರಲ್ಲಿ ಕಸವನ್ನು ಬುಟ್ಟಿಗೆ ಹಾಕುವ ಅಭ್ಯಾಸ ಹೆಚ್ಚು ದಿನ ನಿಂತಿತು. ಉಪದೇಶಕ್ಕೆ ಹೆಸರಾದ ನಮ್ಮ ಹಿರಿಯರು ಈ ಫಲಿತಾಂಶವನ್ನು ಒಮ್ಮೆ ನಿಧಾನವಾಗಿ ಯೋಚಿಸಬೇಕು.

ಒಳ್ಳೆಯ ನಡತೆಯಲ್ಲಿ ಗುಣವನ್ನು ಹೆಸರಿಸುವುದರಿಂದ ಪ್ರಯೋಜನವಿದೆ ಎಂದು 1980ರಲ್ಲಿ ಜೋನ್ ಗ್ರೂಸೆಕ್ ಮತ್ತು ಎರಿಕಾ ರೆಡ್ಲರ್ ಕೂಡ ಕಂಡುಕೊಂಡರು. ಬೇರೆ ಮಕ್ಕಳಿಗೆ ತನ್ನದನ್ನು ಹಂಚಿದ ಎಂಟು ವರ್ಷದ ಮಗುವಿಗೆ ‘ನೀನು ಬೇರೆಯವರಿಗೆ ನೆರವಾಗುವ ಸ್ವಭಾವದವನು’ ಎಂದರೆ, ಮುಂದೆಯೂ ಅದು ಕೊಡುಗೈ ತೋರಿಸುವ ಸಂಭವ ಹೆಚ್ಚು. ಐದು ವರ್ಷದ ಮಕ್ಕಳಲ್ಲಿ ಈ ಪರಿಣಾಮ ಕಾಣಲಿಲ್ಲ. ಸ್ವಭಾವ ಎಂಬ ಕಲ್ಪನೆ ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೀಗಾಗಿ ಸಣ್ಣ ಮಕ್ಕಳಿಗೆ ಮಾಡಿದ ಕೆಲಸವನ್ನು ಹೇಳುವುದು, ಏಳೆಂಟು ವರ್ಷದವರಿಗೆ ಕೆಲಸದ ಜೊತೆಗೆ ಗುಣವನ್ನೂ ಹೇಳುವುದು ಸರಿಯಾದ ಹಂಚಿಕೆ. ಗುಣ ಹೇಳುವಾಗಲೂ ಕೆಲಸ ಮುಂದಿರಬೇಕು. ನೆರವಾಗುವವನು ಎಂಬ ಬಿರುದು ಮಾತ್ರ ಕೊಟ್ಟು, ಮರುದಿನ ಹಾಲಿನ ಲೋಟ ಎತ್ತಿಕೊಡಲು ಹೋಗಿ ಅವನು ಚೆಲ್ಲಿಬಿಟ್ಟರೆ, ಬಿರುದಿಗೆ ತಾನು ತಕ್ಕವನಲ್ಲವೇನೋ ಎಂಬ ಅನುಮಾನ ಅವನಿಗೇ ಬರುತ್ತದೆ.

ಮಾತಿನ ಬದಲು ಚಾಕೊಲೇಟ್ ಕೊಡುವ ಅಭ್ಯಾಸ ಈಗ ವ್ಯಾಪಕವಾಗಿದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2008ರಲ್ಲಿ 20 ತಿಂಗಳ ಮಕ್ಕಳನ್ನು ಗಮನಿಸಿದರು. ಕೆಳಗೆ ಬಿದ್ದ ವಸ್ತುವನ್ನು ಎತ್ತಿಕೊಡುವ ಕೆಲಸ ಆ ವಯಸ್ಸಿನ ಮಕ್ಕಳು ಹೇಳಿಸಿಕೊಳ್ಳದೆಯೇ ಮಾಡುತ್ತವೆ. ಎತ್ತಿಕೊಟ್ಟಾಗಲೆಲ್ಲ ಒಂದು ಆಟದ ವಸ್ತು ಕೊಟ್ಟ ಮಕ್ಕಳು, ಕೊಡುವುದು ನಿಂತ ಮೇಲೆ ಎತ್ತಿಕೊಡುವುದನ್ನೂ ಕಡಿಮೆ ಮಾಡಿದವು. ಬಾಯಿಮಾತಿನಲ್ಲಿ ಮೆಚ್ಚಿದ ಮಕ್ಕಳಲ್ಲಿ ಆ ಇಳಿಕೆ ಆಗಲಿಲ್ಲ. ಮದುವೆಮನೆಯಲ್ಲಿ ಹಿರಿಯರಿಗೆ ಕುರ್ಚಿ ಬಿಟ್ಟುಕೊಟ್ಟ ಮಗುವಿನ ಕೈಗೆ ದುಡ್ಡಿನ ನೋಟು ತುರುಕುವ ನೆಂಟರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಇಷ್ಟಾದ ಮೇಲೆ ನಿಜವಾಗಿ ಬಿಡಿಸಿಕೊಳ್ಳಬೇಕಾದ ಗಂಟು ಒಳ್ಳೆಯ ನಡತೆ ಎಂದರೆ ಯಾವುದು ಎಂಬುದು. ನಮ್ಮಲ್ಲಿ ಬಹುಪಾಲು ಹೊಗಳಿಕೆ ಸದ್ದು ಮಾಡದ ಮಗುವಿಗೆ ಸಲ್ಲುತ್ತದೆ. ‘ಇದೆಯೋ ಇಲ್ಲವೋ ಗೊತ್ತಾಗಲ್ಲ, ಅಷ್ಟು ಸಾಧು’ ಎಂಬುದೇ ದೊಡ್ಡ ಪ್ರಶಸ್ತಿ. ಮಗು ಇದೆಯೆಂದು ಗೊತ್ತಾಗದಿರುವುದು ಮೆಚ್ಚಬೇಕಾದ ಸಂಗತಿಯೇ ಎಂಬ ಪ್ರಶ್ನೆ ಕೇಳಿಕೊಳ್ಳುವವರು ಕಡಿಮೆ. ಕೆಲವು ಮಕ್ಕಳು ಭಯದಿಂದ ಸುಮ್ಮನಿರುತ್ತವೆ, ಕೆಲವು ಮೊಬೈಲಿನ ಪರದೆ ಎದುರಿಗಿದ್ದುದರಿಂದ ಸುಮ್ಮನಿರುತ್ತವೆ. ಪಂಕ್ತಿಯಲ್ಲಿ ಕೂತ ಮಗು ಸಾಕೆನಿಸಿದಾಗ ‘ಸಾಕು’ ಎಂದು ಕೈ ಅಡ್ಡ ಹಿಡಿದು, ಹಾಕಿಸಿಕೊಂಡದ್ದನ್ನು ಚೆಲ್ಲದೆ ಉಂಡು, ಪಕ್ಕದ ಅಜ್ಜನ ಲೋಟಕ್ಕೆ ನೀರು ಬೇಕೆಂದು ಬಡಿಸುವವರಿಗೆ ಕೂಗಿ ಹೇಳಿದರೆ ಅದು ಸದ್ದು ಮಾಡಿದೆ. ಆದರೆ ಮೂರು ಒಳ್ಳೆಯ ಕೆಲಸ ಮಾಡಿದೆ. ತನ್ನ ಸರದಿ ತಪ್ಪಿಸಿದ ದೊಡ್ಡವರಿಗೆ ‘ಅಂಕಲ್, ನಾನು ಮೊದಲು ನಿಂತಿದ್ದೆ’ ಎಂದು ಗೌರವ ಬಿಡದೆ ಹೇಳಿದ ಹುಡುಗನೂ ಚೆನ್ನಾಗಿಯೇ ನಡೆದುಕೊಂಡಿದ್ದಾನೆ. ಅವನನ್ನು ಹೊಗಳುವ ಧೈರ್ಯ ಸುತ್ತಲಿನವರಿಗೆ ಬರಬೇಕು.

ಗಂಡು ಹೆಣ್ಣಿನ ಭೇದವೂ ಇಲ್ಲಿ ನುಸುಳುತ್ತದೆ. ಹುಡುಗ ಚೂಟಿಯಾದರೆ ಹೊಗಳಿಕೆ, ಹುಡುಗಿ ಮನೆಗೆಲಸ ಮಾಡಿದರೆ ಹೊಗಳಿಕೆ. ಅತಿಥಿಗಳಿಗೆ ಕಾಫಿ ಲೋಟ ತಂದುಕೊಟ್ಟ ಹುಡುಗಿಯನ್ನು ‘ಎಷ್ಟು ಜವಾಬ್ದಾರಿ’ ಎಂದು ಮೆಚ್ಚುವ ಬಾಯಿ, ಅದೇ ಲೋಟಗಳನ್ನು ಒಳಗೆ ಒಯ್ದು ತೊಳೆದಿಟ್ಟ ಅವಳ ಅಣ್ಣನನ್ನು ಛೇಡಿಸುತ್ತದೆ. ಮಾಡಿದ ಕೆಲಸಕ್ಕೆ, ಪಟ್ಟ ಶ್ರಮಕ್ಕೆ ಹೆಸರಿಟ್ಟು ಹೇಳುವ ಮೆಚ್ಚುಗೆ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಹೆಚ್ಚು ಸಿಗುತ್ತದೆ ಎಂದು ಎಲಿಜಬೆತ್ ಗಂಡರ್ಸನ್ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕದ ಮನೆಗಳ ಬಗ್ಗೆ ವರದಿ ಮಾಡಿದ್ದರು. ಎಳವೆಯಲ್ಲಿ ಅಂಥ ಮೆಚ್ಚುಗೆ ಹೆಚ್ಚು ಕೇಳಿದ ಮಕ್ಕಳು ಐದು ವರ್ಷಗಳ ಬಳಿಕ, ಪ್ರಯತ್ನದಿಂದ ಬದಲಾಗಬಹುದು ಎಂಬ ನಂಬಿಕೆಯನ್ನು ಹೆಚ್ಚು ತೋರಿಸಿದವು.

ಸುಮ್ಮನೆ ಕೂರುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಕೆಲವು ಮಕ್ಕಳಿಗೆ ಒಳ್ಳೆಯ ಮಾತು ಎಂದೂ ಸಿಗುವುದಿಲ್ಲ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಶ್ರವಣದೋಷ, ಮಾತಿನ ತೊಂದರೆ, ಆಟಿಸಂ ಇರುವ ಮಕ್ಕಳನ್ನು ಕರೆದುಕೊಂಡು ದೂರದೂರದಿಂದ ತಾಯಂದಿರು ಬರುತ್ತಾರೆ. ರೈಲು ನಿಲ್ದಾಣದಲ್ಲಿ, ಸಿಟಿ ಬಸ್ಸಿನಲ್ಲಿ ಅಂಥ ಮಗು ಕಿರುಚಿದಾಗ ಸುತ್ತಲಿನವರು ತಿರುಗಿ ನೋಡುವ ನೋಟ ಅವರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಬೇರೆ ಮಕ್ಕಳಿಗೆ ಸಲೀಸಾದ ಕೆಲಸ ಆ ಮಗುವಿಗೆ ತಿಂಗಳುಗಟ್ಟಲೆ ಕಲಿತದ್ದಾಗಿರಬಹುದು: ತನ್ನ ಸರದಿಗೆ ಕಾಯುವುದು, ಕೈಸನ್ನೆಯಲ್ಲಿ ಬೇಕೆನ್ನುವುದು, ಒಬ್ಬರ ಮುಖ ನೋಡಿ ನಗುವುದು. ‘ಎಷ್ಟು ಚೆನ್ನಾಗಿ ಕಾದ್ಲು’ ಎಂದು ಪಕ್ಕದ ಸೀಟಿನವರು ತಾಯಿಗೆ ಹೇಳಿದರೆ, ಅದು ಮಗುವಿಗಷ್ಟೇ ಹೇಳಿದ್ದಲ್ಲ. ಆ ತಾಯಿ ದಿನವಿಡೀ ಕೇಳಿದ ಮಾತುಗಳಲ್ಲಿ ಒಳ್ಳೆಯದೆನ್ನಬಹುದಾದದ್ದು ಅದೊಂದೇ ಆಗಿರಬಹುದು. ಕಿವಿ ಕೇಳದ ಮಗುವಾದರೆ ಅದರ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ಹೆಬ್ಬೆರಳೆತ್ತಿ ನಕ್ಕರೂ ಅದಕ್ಕೆ ಮುಟ್ಟುತ್ತದೆ.

ಮೆಚ್ಚುಗೆಯನ್ನು ಕೆಡಿಸುವುದರಲ್ಲಿ ಹೋಲಿಕೆಗೆ ಸಮನಾದದ್ದು ಇನ್ನೊಂದಿಲ್ಲ. ‘ನೋಡು, ಅವನು ಎಷ್ಟು ಚೆನ್ನಾಗಿ ತಿಂತಾನೆ, ನೀನೂ ಇದೀಯ’ ಎಂಬ ಮಾತಿನಲ್ಲಿ ಇಬ್ಬರು ಮಕ್ಕಳಿಗೂ ನಷ್ಟ. ಹೊಗಳಿಸಿಕೊಂಡವನು ಇನ್ನೊಬ್ಬನ ಕಣ್ಣಿನಲ್ಲಿ ಹಗೆಯಾಗುತ್ತಾನೆ, ಬೈಸಿಕೊಂಡವನು ಊಟವನ್ನೇ ದ್ವೇಷಿಸುತ್ತಾನೆ. ಅಣ್ಣತಮ್ಮಂದಿರ ಎದುರಿಗೆ ಒಬ್ಬನನ್ನೇ ಎತ್ತಿ ಹೇಳುವುದೂ ಇದೇ ಬಗೆಯದು. ಇನ್ನೊಬ್ಬನಿಗೆ ಹೇಳಬೇಕಾದದ್ದು ಏನಾದರೂ ಕಂಡಿದ್ದರೆ ಅದನ್ನೂ ಹೇಳಬೇಕು, ಕಾಣದಿದ್ದರೆ ಮೊದಲನೆಯವನಿಗೆ ಪ್ರತ್ಯೇಕವಾಗಿ ಹೇಳಬಹುದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ನಿನ್ನೆಯ ಮೆಟ್ಟಿಲಿಗೂ ಇಂದಿನ ಮೆಟ್ಟಿಲಿಗೂ ಇರುವ ಅಂತರವೇ ಅದರ ಪ್ರಗತಿ. ನಡತೆಗೂ ಇದೇ ಅಳತೆ ಸರಿ. ‘ಹೋದ ಸಲ ಬಂದಾಗ ಅತ್ತಿದ್ದೆ, ಈ ಸಲ ನೀನೇ ಬಾಗಿಲಿಗೆ ಬಂದು ಮಾತಾಡ್ಸಿದೆ’ ಎಂದರೆ ಹೋಲಿಕೆಯೂ ಆಯಿತು, ಯಾರಿಗೂ ನೋವಾಗಲಿಲ್ಲ.

ಮೆಚ್ಚುಗೆಯಲ್ಲಿ ಬೆರೆತ ಆಶ್ಚರ್ಯ ಇನ್ನೂ ಆಳವಾಗಿ ಚುಚ್ಚುತ್ತದೆ. ಮನೆಗೆಲಸಕ್ಕೆ ಬರುವವರ ಮಗು ರಜೆಯ ದಿನ ತಾಯಿಯ ಜೊತೆ ಬಂದು ಒಂದು ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡಿದರೆ ಮನೆಯೊಡತಿ ಮೆಚ್ಚುವುದುಂಟು. ‘ಪರವಾಗಿಲ್ವೇ, ನಿನ್ನ ಮಗಳಿಗೂ ಎಷ್ಟು ಶಿಸ್ತಿದೆ’ ಎಂಬ ಮಾತಿನ ಒಳಗೆ, ನಿಮ್ಮಂಥವರಲ್ಲಿ ಇದನ್ನು ನಿರೀಕ್ಷಿಸಿರಲಿಲ್ಲ ಎಂಬುದು ಅಡಗಿದೆ. ತಾಯಿಗೆ ಅದು ತಕ್ಷಣ ಗೊತ್ತಾಗುತ್ತದೆ, ಹತ್ತು ವರ್ಷದ ಮಗಳಿಗೂ ಗೊತ್ತಾಗುತ್ತದೆ. ಆ ‘ಊ’ಕಾರ ಬಿಟ್ಟು, ತಮ್ಮ ಮೊಮ್ಮಗಳಿಗೆ ಹೇಳುವ ಧಾಟಿಯಲ್ಲೇ ‘ಲೆಕ್ಕ ಎಲ್ಲ ನೀನೇ ಮಾಡಿದೆಯಲ್ಲಮ್ಮ, ಅಕ್ಷರ ಗುಂಡಗಿದೆ’ ಎಂದು ಹುಡುಗಿಗೇ ಹೇಳುವುದು ಮರ್ಯಾದೆ.

ಹೆತ್ತವರ ಕಣ್ಣಿಲ್ಲದ ಕಡೆ ಮಗು ಹೇಗಿರುತ್ತದೆ ಎಂಬುದನ್ನು ನಿಜವಾಗಿ ಬಲ್ಲವರು ಶಾಲೆಯ ಆಯಾ, ವ್ಯಾನ್ ಅಥವಾ ಆಟೊ ಓಡಿಸುವವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು. ಬೆಳಿಗ್ಗೆ ಆಟೊದಲ್ಲಿ ಸಣ್ಣ ಮಕ್ಕಳನ್ನು ಒಳಗಡೆಗೆ ಕೂರಿಸಿ ತಾನು ಅಂಚಿಗೆ ಕೂರುವ ಹುಡುಗ ಯಾರೆಂದು ಚಾಲಕನಿಗೆ ಗೊತ್ತು. ‘ನಿಮ್ಮ ಮಗ ಚಿಕ್ಕವರನ್ನ ಚೆನ್ನಾಗಿ ನೋಡ್ಕೋತಾನೆ ಮೇಡಂ’ ಎಂದು ಅವನು ತಿಂಗಳ ದುಡ್ಡು ತೆಗೆದುಕೊಳ್ಳುವಾಗ ಹೇಳಿದರೆ, ಯಾವ ಪ್ರಗತಿಪತ್ರಕ್ಕಿಂತಲೂ ನಂಬಬಹುದಾದ ವರದಿ ಅದು. ಅದನ್ನು ಅರ್ಧ ಕಿವಿಯಲ್ಲಿ ಕೇಳಿ ಬಿಟ್ಟುಬಿಡದೆ ಸಂಜೆ ಮಗುವಿಗೆ ತಲುಪಿಸಬೇಕು. ಯಾರು ಹೇಳಿದರು, ಏನು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ತಲುಪಿಸಬೇಕು. ಹೆತ್ತವರು ನೇರವಾಗಿ ಹೊಗಳಬಾರದೆಂಬ ಹಳೆಯ ಸಂಕೋಚ ಉಳಿದ ಮನೆಯಲ್ಲೂ, ಬೇರೆಯವರು ಹೊಗಳಿದ್ದನ್ನು ಮಗುವಿಗೆ ಹೇಳಲು ಯಾವ ಅಡ್ಡಿಯೂ ಇಲ್ಲ.

ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬೆತ್ತ ಹೋದ ಜಾಗದಲ್ಲಿ ಏನಿಡಬೇಕು ಎಂಬ ಗೊಂದಲ ಅನೇಕ ಶಿಕ್ಷಕರಲ್ಲೂ ಪೋಷಕರಲ್ಲೂ ಇದೆ. ಕೆಲವರು ಎಲ್ಲಕ್ಕೂ ‘ಸೂಪರ್’, ‘ಗುಡ್ ಜಾಬ್’ ಎನ್ನುವ ಕಡೆಗೆ ಹೊರಳಿದ್ದಾರೆ. ವಿದೇಶದ ಮೊಮ್ಮಕ್ಕಳ ಮನೆಗೆ ಹೋಗಿಬಂದ ಯಾದವಗಿರಿಯ ಅಜ್ಜಿತಾತಂದಿರಿಗೆ ಈ ಧಾಟಿ ಚಿರಪರಿಚಿತ. ಅತಿಯಾದ ಹೊಗಳಿಕೆ ತಮ್ಮ ಬಗ್ಗೆ ನಂಬಿಕೆ ಕಡಿಮೆಯಿರುವ ಮಕ್ಕಳನ್ನೇ ಹಿಂಜರಿಯುವಂತೆ ಮಾಡುತ್ತದೆ ಎಂದು ಎಡ್ಡಿ ಬ್ರುಮೆಲ್‌ಮನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ‘ಚೆನ್ನಾಗಿದೆ’ ಎಂದರೆ ಸಾಕಾದಲ್ಲಿ ‘ಅದ್ಭುತ’ ಎಂದುಬಿಟ್ಟರೆ, ಮುಂದಿನ ಸಲವೂ ಅದ್ಭುತವನ್ನೇ ಮಾಡಬೇಕೆಂಬ ಹೊರೆ ಅಂಥ ಮಗುವಿನ ಮೇಲೆ ಬೀಳುತ್ತದೆ. ಹಿತಮಿತವಾದ ಮಾತಿಗೆ ಹೆಸರಾದ ಮೈಸೂರಿನ ಕನ್ನಡಕ್ಕೆ ಈ ಅತಿಶಯದ ಅಗತ್ಯವಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿ ಹೊಗಳುವುದು ಹೊಸ ರೂಢಿ. ಬೇರೆಯವರ ಮಗುವಿನ ಚಿತ್ರವನ್ನು ಹೆತ್ತವರನ್ನು ಕೇಳದೆ ಹಂಚುವುದು ಸರಿಯಲ್ಲ. ಎಂಟು ಹತ್ತು ವರ್ಷ ದಾಟಿದ್ದರೆ ಮಗುವನ್ನೂ ಕೇಳಬೇಕು. ನೂರು ಜನರ ಮುಂದೆ ಬಂದ ಹೊಗಳಿಕೆಗೆ ನೂರು ಜನರ ಕಣ್ಗಾವಲೂ ಅಂಟಿಕೊಳ್ಳುತ್ತದೆ. ಅದೇ ಮಗು ನಾಳೆ ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತಿದರೆ ‘ಅವತ್ತು ಹೊಗಳಿಸಿಕೊಂಡವನು ಇವನೇನಾ’ ಎಂಬ ಮಾತು ತಪ್ಪುವುದಿಲ್ಲ. ತಾಯಿಯೊಬ್ಬಳಿಗೆ ಕಳಿಸಿದ ಎರಡು ಸಾಲಿನ ಸಂದೇಶಕ್ಕೆ ಆ ತೊಡಕಿಲ್ಲ.

ಹದಿಮೂರು ಹದಿನಾಲ್ಕು ದಾಟಿದ ಮಕ್ಕಳ ವಿಷಯದಲ್ಲಿ ಇದೇ ದಾರಿ ಹೆಚ್ಚು ಒಗ್ಗುತ್ತದೆ. ಗೆಳೆಯರ ಎದುರಿಗೆ ಪಕ್ಕದ ಮನೆಯ ಆಂಟಿ ಗಲ್ಲ ಹಿಡಿದು ಹೊಗಳಿದರೆ ಆ ವಯಸ್ಸಿನ ಹುಡುಗನಿಗೆ ಮುಜುಗರವಾಗುತ್ತದೆ, ಮತ್ತೆ ಅವರ ಗೇಟಿನ ಮುಂದೆ ಹಾಯುವುದನ್ನೇ ಬಿಡುತ್ತಾನೆ. ಅವನೊಬ್ಬನೇ ಸಿಕ್ಕಾಗ, ನಡೆಯುತ್ತಲೇ, ದೊಡ್ಡವರೊಬ್ಬರು ಇನ್ನೊಬ್ಬ ದೊಡ್ಡವರಿಗೆ ಹೇಳುವಂತೆ ‘ಮೊನ್ನೆ ಮಳೇಲಿ ನಮ್ಮ ಯಜಮಾನರ ಸ್ಕೂಟರ್ ಕೆಟ್ಟಾಗ ತಳ್ಕೊಂಡು ಬಂದು ಕೊಟ್ಟೆಯಂತೆ. ತುಂಬ ಉಪಕಾರ ಆಯ್ತಪ್ಪ’ ಎಂದರೆ 15 ವರ್ಷದವನು ‘ಪರವಾಗಿಲ್ಲ ಆಂಟಿ’ ಎಂದು ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಅಷ್ಟರಲ್ಲೇ ಸುಮ್ಮನಾಗಬೇಕು. ಅವನ ಮನೆಯವರಿಗೆ ಬೇಕಾದರೆ ಆಮೇಲೆ ಬೇರೆಯಾಗಿ ಹೇಳಬಹುದು.